‘ಗೊತ್ತಿಲ್ಲ, ನೋಡಿ ಹೇಳ್ತೀನಿ’

ಕಳೆದ ವರ್ಷ ನನ್ನ ವಾಟ್ಸ್‌ಆ್ಯಪ್‌ಗೆ ಒಂದು ಮೆಸೇಜ್ ಬಂತು. ಹೆಸರಾಂತ ಕಂಪನಿಯಲ್ಲಿ ಕೆಲಸ, ಪರೀಕ್ಷೆ ಇಲ್ಲ, ನೋಂದಣಿಗೆ 1,500 ರೂಪಾಯಿ ಕಟ್ಟಿದರೆ ಸಾಕು, ಆಮೇಲೆ ವಾಪಸ್ ಕೊಡುತ್ತಾರೆ. ಬಸ್ಸಿನಲ್ಲಿ ನಿಂತುಕೊಂಡೇ ಅದನ್ನು ನಮ್ಮ ನಿಡಘಟ್ಟದ ಹುಡುಗರ ಗ್ರೂಪಿಗೆ ಫಾರ್ವರ್ಡ್ ಮಾಡಿದೆ. ಡಿಪ್ಲೊಮಾ ಮುಗಿಸಿ ಎರಡು ವರ್ಷದಿಂದ ಕೆಲಸ ಹುಡುಕುತ್ತಿದ್ದ ನಮ್ಮ ಬೀದಿಯ ಅಣ್ಣನೊಬ್ಬ ದುಡ್ಡು ಕಟ್ಟಿದ. ಮರುದಿನ ಆ ನಂಬರ್ ಸ್ವಿಚ್ ಆಫ್!

ಕ್ಷಮೆ ಕೇಳಲು ಹೋದೆ. ಅವನು ಬೈಯಲಿಲ್ಲ. ‘ಎಂಜಿನಿಯರಿಂಗ್ ಓದೋನು ನೀನೇ ಕಳ್ಸಿದ್ದೀಯಲ್ಲ ಅಂತ ನಾನು ಯೋಚ್ನೆನೇ ಮಾಡ್ಲಿಲ್ಲ ಕಣೋ’ ಅಂದ. ಬೈದಿದ್ದರೇ ಚೆನ್ನಾಗಿತ್ತು.

ಪರಿಶೀಲಿಸುವುದು ನನಗೆ ಗೊತ್ತಿರಲಿಲ್ಲವೇ? ಪಿಯುಸಿ ಲ್ಯಾಬಿನಲ್ಲಿ ಸ್ಕ್ರೂಗೇಜ್ ಹಿಡಿದ ದಿನದಿಂದ ಕಲಿತದ್ದೇ ಅದು. ಮೊದಲು ಉಪಕರಣದಲ್ಲೇ ದೋಷ ಇದೆಯೇ ನೋಡು, ಒಂದೇ ರೀಡಿಂಗ್ ನಂಬಬೇಡ. ಒಂದು ತಂತಿಯ ದಪ್ಪ ಅಳೆಯಲು ಇಷ್ಟು ಎಚ್ಚರ ವಹಿಸುವ ನಾನು, ಒಬ್ಬನ ದುಡ್ಡಿನ ವಿಷಯದಲ್ಲಿ ವಹಿಸಲಿಲ್ಲ. ಕೊರತೆ ಇದ್ದದ್ದು ಜ್ಞಾನದಲ್ಲಲ್ಲ, ಅಭ್ಯಾಸದಲ್ಲಿ. ತತ್ವಶಾಸ್ತ್ರದಲ್ಲಿ ಇಂಥವನ್ನು ಬೌದ್ಧಿಕ ಗುಣ, ಬೌದ್ಧಿಕ ದೋಷ ಎಂದು ಕರೆಯುತ್ತಾರೆ. ಎಷ್ಟು ಗೊತ್ತು ಎಂಬುದಕ್ಕಿಂತ, ಗೊತ್ತುಮಾಡಿಕೊಳ್ಳುವಾಗ ನಾವು ಹೇಗೆ ನಡೆದುಕೊಳ್ಳುತ್ತೇವೆ ಎಂಬ ಪ್ರಶ್ನೆ ಅದು.

ಇಂಗ್ಲೆಂಡಿನ ಗಣಿತಜ್ಞ ವಿಲಿಯಂ ಕ್ಲಿಫರ್ಡ್ 1877ರ ಪ್ರಬಂಧವೊಂದರಲ್ಲಿ ಒಬ್ಬ ಹಡಗಿನ ಮಾಲೀಕನ ಕಥೆ ಹೇಳುತ್ತಾನೆ. ಹಡಗು ಹಳೆಯದು ಎಂಬ ಅನುಮಾನ ಮಾಲೀಕನಿಗಿದೆ. ಆದರೂ ಏನೂ ಆಗುವುದಿಲ್ಲವೆಂದು ತನ್ನನ್ನು ತಾನೇ ನಂಬಿಸಿಕೊಂಡು ಜನರನ್ನು ಕಳಿಸುತ್ತಾನೆ. ಹಡಗು ಮುಳುಗುತ್ತದೆ. ಒಂದು ವೇಳೆ ಅದು ದಡ ಸೇರಿದ್ದರೂ ಅವನು ತಪ್ಪಿತಸ್ಥನೇ ಎನ್ನುತ್ತಾನೆ ಕ್ಲಿಫರ್ಡ್. ಹಾಗೆ ನೋಡಿದರೆ, ನಾನು ಕಳಿಸಿದ ಮೆಸೇಜ್ ನಿಜವೇ ಆಗಿದ್ದರೂ ನೋಡದೆ ಕಳಿಸಿದ್ದು ತಪ್ಪೇ.

ಇದು ಬರೀ ದುಡ್ಡಿನ ಮಾತೂ ಅಲ್ಲ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸ್‌ಆ್ಯಪ್ ವದಂತಿ ನಂಬಿದ ಗುಂಪು ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್‌ನನ್ನು ಹೊಡೆದು ಕೊಂದಿತು. ಅದನ್ನು ಫಾರ್ವರ್ಡ್ ಮಾಡಿದ ಎಷ್ಟೋ ಮಂದಿಯೂ ನನ್ನ ಹಾಗೆ ಒಳ್ಳೆಯದನ್ನೇ ಮಾಡುತ್ತಿದ್ದೇವೆ ಅಂದುಕೊಂಡಿರಬಹುದು.

ದುಡ್ಡು ಹೋದ ಮೇಲೆ ನಾನು ಇನ್ನೊಂದು ತುದಿಗೆ ಹೋದೆ. ಏನು ಬಂದರೂ ‘ಫೇಕ್’ ಎನ್ನುತ್ತಿದ್ದೆ. ವಿದ್ಯಾರ್ಥಿವೇತನದ ಅರ್ಜಿಗೆ ಕೊನೆಯ ದಿನಾಂಕ ತಿಳಿಸಿದ ಮೆಸೇಜಿಗೂ ಹಾಗೇ ಅಂದೆ. ಅದು ನಿಜವಾಗಿತ್ತು. ಸಹಪಾಠಿಯೊಬ್ಬಳು ನನ್ನ ಮಾತು ಕೇಳದೆ ಪೋರ್ಟಲ್ ತೆರೆದು ನೋಡಿದ್ದರಿಂದ ಇಬ್ಬರೂ ಬಚಾವಾದೆವು. ಎಲ್ಲವನ್ನೂ ನಂಬುವವನೂ ಏನನ್ನೂ ನಂಬದವನೂ ಮಾಡುವುದು ಒಂದೇ: ಹುಡುಕುವ ಶ್ರಮ ತಪ್ಪಿಸಿಕೊಳ್ಳುವುದು.

ಆಗ ನೆನಪಾದವರು ಭೌತವಿಜ್ಞಾನಿ ಎಚ್. ನರಸಿಂಹಯ್ಯ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಅವರು 1976ರಲ್ಲಿ ಪವಾಡ, ಮೂಢನಂಬಿಕೆಗಳ ಪರಿಶೀಲನೆಗೆ ಸಮಿತಿ ರಚಿಸಿದರು. ಪವಾಡ ಸುಳ್ಳು ಎಂದು ಭಾಷಣ ಮಾಡಿ ಸುಮ್ಮನಿರಬಹುದಿತ್ತು. ಅವರು ಪರೀಕ್ಷಿಸೋಣ ಬನ್ನಿ ಎಂದರು. ಪ್ರಶ್ನಿಸದೆ ಏನನ್ನೂ ಒಪ್ಪಬೇಡಿ ಎನ್ನುತ್ತಿದ್ದ ಅವರ ಪುಸ್ತಕವೊಂದರ ಹೆಸರು ‘ತೆರೆದ ಮನ’. ಸಂದೇಹಕ್ಕೂ ತೆರೆದ ಮನಸ್ಸಿಗೂ ಜಗಳವಿಲ್ಲ ಎಂಬುದು ನನಗೆ ಅರ್ಥವಾದದ್ದು ಅಲ್ಲಿಂದ.

ಈಗ ಫಾರ್ವರ್ಡ್ ಒತ್ತುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇದನ್ನು ಹೇಳಿದವರು ಯಾರು? ಅವರಿಗೆ ಹೇಗೆ ಗೊತ್ತು? ಇದು ನಿಜವಾಗಲಿ ಎಂದು ನನಗೆ ಆಸೆ ಇದೆಯೇ? ಮೂರನೆಯದಕ್ಕೆ ಹೌದು ಎಂಬ ಉತ್ತರ ಬಂದರೆ ಇನ್ನಷ್ಟು ಹುಷಾರಾಗುತ್ತೇನೆ.

ಮೊನ್ನೆ ಅದೇ ಅಣ್ಣ ಒಂದು ನೇಮಕಾತಿಯ ಲಿಂಕ್ ಕಳಿಸಿ, ‘ಇದು ನಿಜಾನಾ ನೋಡೋ’ ಎಂದ. ‘ಗೊತ್ತಿಲ್ಲ ಅಣ್ಣ, ನೋಡಿ ಹೇಳ್ತೀನಿ’ ಎಂದು ಟೈಪ್ ಮಾಡಿದೆ. ಅವನು ಮತ್ತೆ ನನ್ನನ್ನೇ ಕೇಳಿದ್ದ. ಈ ಸಲ ಸಂಜೆವರೆಗೂ ಕೂತು ನೋಡಿದೆ.