ಕುರಿಯ ರೋಗ, ಕುರಿಗಾಹಿಯ ಜ್ವರ: ನಡುವೆ ಬೇಕಾದ ವೈದ್ಯ

ಚಳ್ಳಕೆರೆ ತಾಲ್ಲೂಕಿನ ಗೌರಸಮುದ್ರದ ಸುತ್ತಲಿನ ಬಯಲುಸೀಮೆಯಲ್ಲಿ ಕುರಿ ಸಾಕಣೆ ಅನೇಕ ಕುಟುಂಬಗಳ ಜೀವನಾಧಾರ. ಗಬ್ಬದ ಕುರಿ ಕಂದು ಹಾಕಿದಾಗ ಕುರಿಗಾಹಿಗಳು ಅದನ್ನು ಬರಿಗೈಯಲ್ಲೇ ಎತ್ತಿಹಾಕುವುದುಂಟು. ಕಾರಣ ಬ್ರುಸೆಲ್ಲಾ ರೋಗಾಣುವಾಗಿದ್ದರೆ ಅದು ಮನುಷ್ಯರಿಗೂ ಅಂಟಿ, ವಾರಗಟ್ಟಲೆ ಬಿಟ್ಟುಬಿಟ್ಟು ಬರುವ ಜ್ವರ, ಕೀಲುನೋವು ತರುತ್ತದೆ. ಕುರಿಯನ್ನು ಪಶುವೈದ್ಯರು, ರೋಗಿಯನ್ನು ವೈದ್ಯರು ಪ್ರತ್ಯೇಕವಾಗಿ ನೋಡಿದರೆ ಮೂಲ ಪತ್ತೆಯಾಗದು.

ಈ ಕೊಂಡಿ ಬೆಸೆಯುವುದೇ ಪಶುವೈದ್ಯಕೀಯ ಸಾರ್ವಜನಿಕ ಆರೋಗ್ಯ ವಿಭಾಗ. ಅಮೆರಿಕದಲ್ಲಿ ಇದಕ್ಕೆ ರೆಸಿಡೆನ್ಸಿ ತರಬೇತಿಯುಂಟು. ನಮ್ಮಲ್ಲಿ ಪದವಿಯ ನಂತರ ಎರಡು ವರ್ಷಗಳ ಎಂ.ವಿ.ಎಸ್ಸಿ. 1958ರಲ್ಲಿ ಆರಂಭವಾದ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಈ ವ್ಯಾಸಂಗಕ್ಕೆ ಅವಕಾಶವಿದೆ. ಸಹಾಯಕ ಪ್ರಾಧ್ಯಾಪಕ ಹುದ್ದೆಗೂ ಸ್ನಾತಕೋತ್ತರ ಪದವಿಯೇ ಮೆಟ್ಟಿಲು. ಬೋಧಕರ ಹುದ್ದೆ ಖಾಲಿ ಉಳಿದರೆ ಮುಂದಿನ ಪಶುವೈದ್ಯರು ಈ ಪಾಠವನ್ನು ಅರೆಬರೆಯಾಗಿ ಕಲಿತು ಹಳ್ಳಿಗೆ ಬರುತ್ತಾರೆ. ಅದರ ಬೆಲೆ ತೆರುವವರು ಹಟ್ಟಿಯ ಕುರಿಗಾಹಿಗಳು.