ನಗುವಿನ ವಿಡಿಯೊ ಮತ್ತು ಸುಳ್ಳು ಸಾಕ್ಷಿ

ಚುನಾವಣೆ ಬಂತೆಂದರೆ ನಾಯಕರನ್ನು ಅಣಕಿಸುವ ವಿಡಿಯೊಗಳೂ ಬರುತ್ತವೆ. ನೋಡಿ ನಗುವುದು ಪಾಪವೇ? ಖಂಡಿತ ಅಲ್ಲ. ಆದರೆ ನಗುವಿನ ಜೊತೆ ಸುಳ್ಳೂ ಮನಸ್ಸಿನಲ್ಲಿ ಉಳಿದುಬಿಡುವುದುಂಟು.

2008ರ ಅಮೆರಿಕ ಅಧ್ಯಕ್ಷೀಯ ಚುನಾವಣೆಯನ್ನೇ ನೋಡೋಣ. ಉಪಾಧ್ಯಕ್ಷ ಸ್ಥಾನದ ಅಭ್ಯರ್ಥಿಯಾಗಿದ್ದ ಅಲಾಸ್ಕದ ಗವರ್ನರ್ ಸಾರಾ ಪೇಲಿನ್, ಟಿ.ವಿ. ಸಂದರ್ಶನವೊಂದರಲ್ಲಿ ಅಲಾಸ್ಕದ ದ್ವೀಪವೊಂದರಿಂದ ರಷ್ಯಾ ಕಾಣುತ್ತದೆ ಎಂದರು. ಇದು ನಿಜ. ಅಲ್ಲಿನ ಲಿಟಲ್ ಡಯೊಮೀಡ್ ದ್ವೀಪಕ್ಕೂ ರಷ್ಯಾದ ದ್ವೀಪಕ್ಕೂ ಸುಮಾರು 4 ಕಿ.ಮೀ. ಅಂತರ ಮಾತ್ರ. ಸೆಪ್ಟೆಂಬರ್ 13ರಂದು 'ಸ್ಯಾಟರ್ಡೇ ನೈಟ್ ಲೈವ್' ಹಾಸ್ಯ ಕಾರ್ಯಕ್ರಮದಲ್ಲಿ ಪೇಲಿನ್ ವೇಷ ತೊಟ್ಟ ನಟಿ ಟೀನಾ ಫೇ, ತನ್ನ ಮನೆಯಿಂದಲೇ ರಷ್ಯಾ ಕಾಣುತ್ತದೆ ಎಂದು ನಗಿಸಿದರು. ಆ ತುಣುಕು ಅಂತರ್ಜಾಲದಲ್ಲಿ ಹರಡಿತು. ಪೇಲಿನ್ ಅವರೇ ಹಾಗೆ ಹೇಳಿದರೆಂದು ಅನೇಕರು ನಂಬಿದರು. ಅಕ್ಟೋಬರ್‌ನಲ್ಲಿ ಪೇಲಿನ್ ತಾವೇ ಆ ಕಾರ್ಯಕ್ರಮಕ್ಕೆ ಹೋಗಿ ನಗುವಿನಲ್ಲಿ ಪಾಲ್ಗೊಂಡರು. ಆದರೂ ಆಡದ ಮಾತು ಅವರ ಹೆಸರಿಗೆ ಅಂಟಿಯೇ ಉಳಿಯಿತು.

ಅಣಕಿಸಿದ ನಟಿಯದು ತಪ್ಪಲ್ಲ. ಅದನ್ನು ನಿಜವೆಂದು ಮತ್ತೊಬ್ಬರಿಗೆ ದಾಟಿಸಿದರೆ ಅದು ನಮ್ಮ ತಪ್ಪು. ಸುಳ್ಳು ಸಾಕ್ಷಿ ಹೇಳಬಾರದೆಂಬ ದೇವರ ಎಂಟನೆಯ ಕಟ್ಟಳೆ, ನಮಗೆ ಹಿಡಿಸದ ನಾಯಕರ ವಿಷಯದಲ್ಲಿ ರಿಯಾಯಿತಿ ಕೊಟ್ಟಿಲ್ಲ. ಆದ್ದರಿಂದ ಧರ್ಮಕೇಂದ್ರದ ವಾಟ್ಸಾಪ್ ಗುಂಪಿಗೆ ವಿಡಿಯೊ ಕಳುಹಿಸುವ ಮುನ್ನ ಕೇಳಿಕೊಳ್ಳೋಣ: ಈ ಮಾತು ನಾಯಕರದೋ, ನಟರದೋ? ತಿಳಿಯದಿದ್ದರೆ ನಕ್ಕು ಸುಮ್ಮನಿರೋಣ.