ಹೊಟ್ಟಿ ಕೊಯ್ಯೂದೋ, ತೂತು ಹಾಕೂದೋ?

ಮಲಪ್ರಭೆಯ ದಂಡೆಯಲ್ಲಿ 1909ರಲ್ಲಿ ಶಿವಯೋಗ ಮಂದಿರ ಕಟ್ಟಿದ ಹಾನಗಲ್ಲ ಕುಮಾರಸ್ವಾಮಿಗಳ ಹೆಸರೇ ಬಾಗಲಕೋಟೆಯ ಮೆಡಿಕಲ್ ಕಾಲೇಜಿನ ಆಸ್ಪತ್ರೆಗೂ ಇದೆ. ಬಾದಾಮಿ, ಹುನಗುಂದ, ಇಳಕಲ್ಲ ಕಡೆಯವರು ‘ಪಿತ್ತಕೋಶದಾಗ ಹರಳು’ ಎಂಬ ಸ್ಕ್ಯಾನಿಂಗ್ ರಿಪೋರ್ಟ್ ಹಿಡಿದು ಊರಿಂದ ಅಲ್ಲಿಗೆ ಹೊರಟರೆ ಮೊದಲು ಕೇಳುವುದು ಮೇಲಿನ ಪ್ರಶ್ನೆಯನ್ನೇ.

ಇಳಕಲ್ಲಿನ ನೇಕಾರನ ಮಟ್ಟಿಗೆ ಅದು ಹೊಟ್ಟೆಪಾಡಿನ ಪ್ರಶ್ನೆ. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು, ತುಳಿಯುತ್ತ, ಲಾಳಿಯ ಹಗ್ಗ ಜಗ್ಗುತ್ತ ದಿನವಿಡೀ ಮುಂದಕ್ಕೆ ಬಾಗಬೇಕು. ಪ್ರತಿ ಎಳೆಗೂ ಹೊಟ್ಟೆಯ ಸ್ನಾಯು ಬಿಗಿಯುತ್ತದೆ. ತೆರೆದ ಆಪರೇಷನ್ನಿನಲ್ಲಿ ಬಲ ಪಕ್ಕೆಲುಬಿನ ಕೆಳಗೆ 10–15 ಸೆಂ.ಮೀ. ಕೊಯ್ಯುವುದು ಆ ಸ್ನಾಯುವನ್ನೇ. ಮಗ್ಗಕ್ಕೆ ಮರಳಲು ನಾಲ್ಕರಿಂದ ಆರು ವಾರ ಬೇಕು.

ಲ್ಯಾಪ್ರೊಸ್ಕೋಪಿಯಲ್ಲಿ ಸಾಮಾನ್ಯವಾಗಿ ನಾಲ್ಕು ತೂತು, 5ರಿಂದ 10 ಮಿ.ಮೀ. ಅಗಲದವು. ಇಂಗಾಲದ ಡೈಆಕ್ಸೈಡ್ ತುಂಬಿ ಹೊಟ್ಟೆ ಉಬ್ಬಿಸಿ, ಕ್ಯಾಮೆರಾ ಇಳಿಸಿ, ಪಿತ್ತಕೋಶದ ನಾಳ ಮತ್ತು ರಕ್ತನಾಳಕ್ಕೆ ಕ್ಲಿಪ್ ಹಾಕಿ ಕತ್ತರಿಸುತ್ತಾರೆ. ಲಿವರಿನಿಂದ ಬಿಡಿಸಿದ ಚೀಲ ಹರಳಿನ ಸಮೇತ ಒಂದು ತೂತಿನಿಂದ ಹೊರಬರುತ್ತದೆ. ಆಸ್ಪತ್ರೆಯಲ್ಲಿ ಒಂದೆರಡು ದಿನ. ಒಂದೆರಡು ವಾರದಲ್ಲಿ ಹಗುರ ಕೆಲಸ. ಆಪರೇಷನ್ ಆದ ಕೂಡಲೇ ಭುಜ ನೋಯುತ್ತದೆಂದು ಗಾಬರಿಯಾಗುವವರುಂಟು. ಅದು ಒಳಗುಳಿದ ಗ್ಯಾಸಿನ ಕಾಟ, ಎರಡು–ಮೂರು ದಿನದಲ್ಲಿ ಹೋಗುತ್ತದೆ.

ಬರ್ಲಿನ್ನಿನಲ್ಲಿ ಕಾರ್ಲ್ ಲಾಂಗೆನ್‌ಬುಖ್ ಮೊದಲ ಬಾರಿ ಪಿತ್ತಕೋಶ ತೆಗೆದದ್ದು 1882ರಲ್ಲಿ. 1985ರಲ್ಲಿ ಜರ್ಮನಿಯವರೇ ಆದ ಎರಿಖ್ ಮ್ಯೂಹೆ ತೂತಿನಿಂದ ತೆಗೆದಾಗ ಅಲ್ಲಿನ ಸರ್ಜನ್ನರು ಮೂಗು ಮುರಿದರು. ಐದೇ ವರ್ಷಕ್ಕೆ, 1990ರಲ್ಲಿ, ಮುಂಬೈಯ ಜೆ.ಜೆ. ಆಸ್ಪತ್ರೆಯಲ್ಲಿ ತೆಹೆಮ್ಟನ್ ಉದ್ವಾಡಿಯಾ ಅದನ್ನು ಭಾರತಕ್ಕೆ ತಂದರು.

ಹಾಗಂತ ತೂತಿನ ಆಪರೇಷನ್ನಿಗೆ ಅಪಾಯವೇ ಇಲ್ಲವೆಂದಲ್ಲ. ಪಿತ್ತನಾಳಕ್ಕೆ ಪೆಟ್ಟಾಗುವ ಸಂಭವ ಕಡಿಮೆಯೇ. ಆದರೆ ತೆರೆದ ಆಪರೇಷನ್ನಿಗಿಂತ ತುಸು ಹೆಚ್ಚು. ಬಾವು ಬಂದು ಒಳಗೆಲ್ಲ ಅಂಟಿಕೊಂಡಿದ್ದರೆ ನಡುವೆಯೇ ಹೊಟ್ಟೆ ತೆರೆಯಬೇಕಾಗುತ್ತದೆ. ‘ಡಾಕ್ಟರ್ ಕೈ ಸೋತ್ರು’ ಎಂದು ಊರಲ್ಲಿ ಮಾತಾಡುವುದು ಇಂಥ ಹೊತ್ತಿನಲ್ಲೇ. ನನ್ನ ಪ್ರಕಾರ, ಹಟ ಹಿಡಿಯದೆ ತೆರೆದ ಡಾಕ್ಟರೇ ಜಾಣ.

‘ಹರಳಷ್ಟ ತಗೀರಿ, ಚೀಲ ಇರ್ಲಿ’ ಅನ್ನುವವರೂ ಇದ್ದಾರೆ. ಚೀಲ ಉಳಿದರೆ ಹರಳು ಮತ್ತೆ ಕಟ್ಟುತ್ತದೆ. ಪಿತ್ತ ಮಾಡುವುದು ಹೇಗೂ ಲಿವರ್, ಚೀಲ ಹೋದರೂ ನಡೆಯುತ್ತದೆ. ನೋವೇ ಕೊಡದ ಹರಳಿಗೆ ಸಾಮಾನ್ಯವಾಗಿ ಎರಡೂ ಬಗೆಯ ಆಪರೇಷನ್ ಬೇಡ. ಆದರೆ ಮಿರ್ಚಿ ಭಜಿ ತಿಂದ ರಾತ್ರಿ ಬಲಪಕ್ಕೆ ಹಿಡಿದು ಬೆನ್ನಿಗೆ ಹೊಡೆಯುವ ನೋವನ್ನು ‘ಗ್ಯಾಸ್’ ಎಂದು ಸೋಡಾ ಕುಡಿದು ಮಲಗಬೇಡಿ. ಜೊತೆಗೆ ಜ್ವರ ಬಂದರೆ, ಕಣ್ಣು ಹಳದಿಯಾದರೆ, ಅವತ್ತೇ ಆಸ್ಪತ್ರೆಗೆ ಹೋಗಿ.